ತೊಳೆದ ಕೈಯ ಸಹಿ

ಕ್ಷೌರದಂಗಡಿಯ ಮೇಲಿನ ಕೋಣೆ, ವರ್ಮಾಂಟ್
13 ಅಕ್ಟೋಬರ್ 1991

ಪ್ರೀತಿಯ ಒಡೆಟ್,

ಒಂದು ಪತ್ರಕ್ಕೆ ಒಂದೇ ವಿಷಯ ಇರಬೇಕು ಎಂದು ಮಿಸ್ ವಾರ್ಡ್‌ವೆಲ್ ಹೇಳುತ್ತಿದ್ದರು. ಸಂಜೆ ಕಾಲೇಜಿನಲ್ಲಿ ಎರಡು ಚಳಿಗಾಲ ಕೂತು ಕಲಿತ ಇಂಗ್ಲಿಷಿನಲ್ಲಿ ನನಗೆ ಪೂರ್ತಿ ನೆನಪಿರುವುದು ಅದೊಂದೇ ಪಾಠ. ಪಾಲಿಸಲು ಮಾತ್ರ ಎಂದೂ ಆಗಲಿಲ್ಲ. ಈ ಕಾಗದವನ್ನು ಇಂಗ್ಲಿಷಿನಲ್ಲೇ ಬರೆಯೋಣವೆಂದು ‘ವಿದೌಟ್ ಪ್ರೆಜುಡಿಸ್’ ಅಂತ ತಲೆಬರಹ ಕೊಟ್ಟೆ. ಅದರ ಅರ್ಥ ಏನಿದ್ದೀತು ಎಂದು ಯೋಚಿಸುತ್ತ ಕೂತು ಕಾಫಿ ಆರಿಹೋಯಿತು. ಹರಿದುಹಾಕಿ ನಮ್ಮ ಮನೆಮಾತಿಗೇ ಬಂದೆ.

ವಿಷಯ ನೀನು. ನೀನು ರೆನಾಟೊನ ಮನೆ ಬಿಟ್ಟು ಹೋದ ಸುದ್ದಿಯನ್ನು ನನಗೆ ಹೇಳಿದವನು ಕೆಳಗಿನ ಫೆರ್ಮಿನ್, ಅದೂ ನನ್ನ ಗದ್ದದ ಮೇಲೆ ಕತ್ತಿ ಇಟ್ಟುಕೊಂಡು.

“ನಿನ್ ಮಗಳು ಎರಡು ಪೆಟ್ಟಿಗೆ ಹಿಡ್ಕೊಂಡು ಬಸ್ ಹತ್ತಿದ್ಲಂತಲ್ಲಯ್ಯಾ.”

“ಹತ್ತಿದ್ದು ಬಸ್ಸು ತಾನೆ, ಹಡಗಲ್ವಲ್ಲ. ವಾಪಸ್ ಬರ್ತಾಳೆ.”

“ನಿನ್ ತಲೆಕೂದಲು ಹೋದಾಗ್ಲೂ ಹಿಂಗೇ ಅಂದಿದ್ದೆ,” ಅಂದ.

ನನ್ನ ಕಿಟಕಿಯಿಂದ ಪೆಡ್ರಾನಿಯವರ ಕಲ್ಲಿನ ಷೆಡ್ಡು ಪೂರ್ತಿ ಕಾಣುತ್ತದೆ, ನಿನಗೆ ಗೊತ್ತು. ನಾನು ಮೂವತ್ತೆಂಟು ವರ್ಷ ಸಮಾಧಿಕಲ್ಲುಗಳ ಮೇಲೆ ಅಕ್ಷರ ಕೊರೆದ ಮೂಲೆ, ನೀನು ಇಪ್ಪತ್ತಮೂರು ವರ್ಷ ಆ ಅಕ್ಷರಗಳಿಗೆ ನಕ್ಷೆ ಬರೆದ ಮೇಜು. ಮೇಜಿನ ದೀಪವನ್ನು ಯಾರೂ ಆರಿಸಿಲ್ಲ. ಐದು ದಿನದಿಂದ ಹಗಲಲ್ಲೂ ಉರಿಯುತ್ತಿದೆ. ನೀನು ಹೋಗಿದ್ದೀಯೆಂದು ಒಪ್ಪಿಕೊಳ್ಳುವವರು ಮೊದಲು ಆರಿಸಲಿ ಅಂತ ಎಲ್ಲರೂ ಕಾಯುತ್ತಿದ್ದಾರೇನೋ.

ನಿನ್ನೆ ಅಟ್ಟಿಲಿಯೊ ಪೆಡ್ರಾನಿ ಬಂದಿದ್ದ. ನಿನ್ನ ಮಾವ ಎಪ್ಪತ್ತಾರರ ವಯಸ್ಸಿನಲ್ಲಿ ಹದಿನೆಂಟು ಮೆಟ್ಟಿಲು ಹತ್ತಿ ಬಂದನೆಂದರೆ ಅದು ಹರಟೆಗಲ್ಲ. ನಲವತ್ತು ವರ್ಷದಿಂದ ನಾನು ಅವನಿಗೆ ಕಪ್ಪೆ, ಕೆನಡಾ ಕಡೆಯ ಫ್ರೆಂಚರನ್ನು ಇಲ್ಲಿನವರು ಕರೆಯುವ ಹಾಗೆ. ಅವನು ನನಗೆ ಗಂಜಿ, ಅವನ ಮನೆಯಲ್ಲಿ ದಿನಾ ಬೇಯುವ ಜೋಳದ ಮುದ್ದೆಯಿಂದಾಗಿ. ನಿನ್ನೆ ಮಾತ್ರ “ಬೀಗರೇ” ಅಂದ.

“ಬೀಗರೇ, ಮಗಳಿಗೆ ಬುದ್ಧಿ ಹೇಳಿ. ಗಂಡ ಹೆಂಡ್ತಿ ಜಗಳ ಅವರದ್ದು. ಕಂಪನಿ ನಂದು. ನಾನಿರೋವರ್ಗೂ ಅವಳ ಹದಿನೈದು ಅವಳದ್ದೇ. ವಕೀಲರನ್ನ ಒಳಗೆ ಬಿಟ್ರೆ ಉಣ್ಣೋರು ಅವರು, ತಟ್ಟೆ ತೊಳೆಯೋರು ನಾವು.”

ಸರಿಯೆನಿಸಿತು. ಹತ್ತು ವರ್ಷ ಸಂಬಳವಿಲ್ಲದೆ ದುಡಿದದ್ದಕ್ಕೆ ನೂರರಲ್ಲಿ ಹದಿನೈದು ಷೇರನ್ನು ನಿನ್ನ ಹೆಸರಿಗೆ ಬರೆದವನು ಅವನೇ, ಯಾರೂ ಕೇಳದೆ. ಅಂಥವನ ಮೇಲೆ ವಕೀಲರನ್ನು ಬಿಡಬೇಡ. ಜಿಸೆಲ್ ಚಿಕ್ಕಮ್ಮನ ಮನೆಯಲ್ಲಿ ಒಂದು ತಿಂಗಳು ಇದ್ದು, ಚೆನ್ನಾಗಿ ನಿದ್ದೆಮಾಡಿ ಬಾ.

ರೆನಾಟೊ ಏನು ಮಾಡಿದನೆಂದು ನಾನು ಕೇಳುತ್ತಿಲ್ಲ. ಹೇಳಬೇಕೆನಿಸಿದರೆ ಹೇಳು.

‘ಯುವರ್ಸ್ ಫೇತ್‌ಫುಲಿ’ ಎಂದು ಮುಗಿಸಹೊರಟಿದ್ದೆ. ಅದು ಅಂಗಡಿಯವರಿಗೆ ಬರೆಯುವುದಂತೆ.

ನಿನ್ನ ಅಪ್ಪ,
ಅರ್ಮಾನ್


ಮ್ಯಾಂಚೆಸ್ಟರ್, ನ್ಯೂ ಹ್ಯಾಂಪ್‌ಷೈರ್
2 ನವೆಂಬರ್ 1991

ಅಪ್ಪ,

ರೆನಾಟೊ ಏನೂ ಮಾಡಲಿಲ್ಲ. ಏಳು ವರ್ಷದಿಂದ ನಾವಿಬ್ಬರೂ ಬಸ್ಸಿಗೆ ಕಾಯುವವರ ಹಾಗೆ ಒಂದೇ ಮೇಜಿಗೆ ಕೂತು ಉಣ್ಣುತ್ತಿದ್ದೆವು. ನನ್ನ ಬಸ್ಸು ಮೊದಲು ಬಂತು. ಅದಕ್ಕಿಂತ ಹೆಚ್ಚು ಹೇಳುವುದಿಲ್ಲ.

ನಿನ್ನ ಮಾತು ಮೀರಿ ವಕೀಲರನ್ನು ನೋಡಿದೆ. ಹ್ಯಾಚ್ ಎಂಬ ಹೆಂಗಸು, ನಿನಗಿಂತ ನಾಲ್ಕೈದು ವರ್ಷ ಚಿಕ್ಕವರು. ಮಕ್ಕಳಿದ್ದಾರೆಯೇ ಎಂದು ಕೇಳಿದರು. ಇಲ್ಲವೆಂದಾಗ, ಒಂದು ತೊಡಕು ಕಡಿಮೆಯಾಯಿತೆಂದು ಬರೆದುಕೊಂಡರು.

“ಗಂಡನ್ನ ಬಿಟ್ಟಿದೀರಿ, ಸರಿ. ಕಂಪನೀನೂ ಬಿಟ್ಟಿದೀರಾ?”

“ಇಲ್ಲ.”

“ಹಾಗಾದ್ರೆ ಬಿಟ್ಟೋರ ಹಾಗೆ ನಡ್ಕೋಬೇಡಿ.”

ನಾನೀಗಲೂ ಹದಿನೈದು ಭಾಗದ ಒಡತಿ, ವರ್ಷವರ್ಷದ ಲೆಕ್ಕಪತ್ರ ನನಗೆ ಕಳಿಸಿ ಎಂದು ಕಂಪನಿಗೆ ಬರೆದಿದ್ದಾರೆ. ಮೊಕದ್ದಮೆ ಮುಗಿಯುವವರೆಗೆ ಮೇಲಿನ ಗಣಿಯನ್ನು ಮಾರಬಾರದು, ಹೊಸ ಷೇರು ಹುಟ್ಟಿಸಿ ನನ್ನದನ್ನು ತೆಳ್ಳಗೆ ಮಾಡಬಾರದು ಎಂದು ಕೋರ್ಟಿನಿಂದ ಆಜ್ಞೆ ಬಂದಿದೆ. ಕಂಪನಿಯ ಬೆಲೆ ಕಟ್ಟಲು ಇಬ್ಬರಿಗೂ ಸಂಬಂಧವಿಲ್ಲದ ಒಬ್ಬರು ಬರುತ್ತಾರೆ. ಅಲ್ಲಿಯವರೆಗೆ ನಾನು ಹುಟ್ಟುಹಬ್ಬದ ಶುಭಾಶಯಕ್ಕೂ ಸಹಿ ಹಾಕಬಾರದಂತೆ.

ಇಷ್ಟಕ್ಕೇ ಆಫೀಸಿನ ಬೀಗ ಬದಲಾಗಿದೆ. ಮೂರು ವರ್ಷದಿಂದ ಕಂಪನಿ ನಷ್ಟದಲ್ಲಿದೆ ಎಂದು ರೆನಾಟೊ ಬರೆದಿದ್ದಾನೆ. ಆ ಮೂರೂ ವರ್ಷ ಆರ್ಡರ್ ಪುಸ್ತಕ ಬರೆದವಳು ನಾನು. ಸತ್ತವರ ಮನೆಯವರ ಜೊತೆ ಕೂತು, ಅವರ ಅಳು ಮುಗಿಯುವವರೆಗೆ ಕಾದು, ಯಾವ ಅಕ್ಷರ ಬೇಕೆಂದು ಕೇಳಿದವಳೂ ನಾನೇ.

ಈಗ ನಿನ್ನನ್ನು ಕೇಳಬೇಕಾದದ್ದು. ಅವರ ವಕೀಲರು ಒಂದು ಕಾಗದದ ನಕಲು ಕಳಿಸಿದ್ದಾರೆ. ಮನೆಯ ಸೊಸೆ ಗಂಡನಿಂದ ಬೇರೆಯಾದಲ್ಲಿ ಅವಳ ಷೇರುಗಳು ಕಂಪನಿಗೆ ವಾಪಸು ಹೋಗಬೇಕು, ಅದೂ ಕಾಗದ ಬರೆದ ವರ್ಷ ಅವರ ಪುಸ್ತಕದಲ್ಲಿದ್ದ ಬೆಲೆಗೆ. ಆ ದುಡ್ಡಿಗೆ ಹಳೆಯ ಲಾರಿಯೂ ಬರುವುದಿಲ್ಲ. ಕೆಳಗೆ ನನ್ನ ಸಹಿ. ಅದು ನನ್ನದೇ. ಕಾಗದವನ್ನು ಮಾತ್ರ ನಾನು ಎಂದೂ ನೋಡಿಲ್ಲ. ಅದರ ಕೆಳಗೆ ಸಾಕ್ಷಿ: ಅರ್ಮಾನ್ ಥಿಬೋ.

ನಕಲಿನಲ್ಲಿ ತಾರೀಕು ಮಸುಕಾಗಿದೆ. ಇದೇನೆಂದು ನಿನಗೆ ಗೊತ್ತೇ?

ಒಡೆಟ್


ಕ್ಷೌರದಂಗಡಿಯ ಮೇಲಿನ ಕೋಣೆ
9 ಜನವರಿ 1992

ಪ್ರೀತಿಯ ಒಡೆಟ್,

ಉತ್ತರ ತಡವಾಯಿತು. ಕಲ್ಲಿನ ಧೂಳು ಕುಡಿದವರ ಕೆಮ್ಮು ಚಳಿಗಾಲದಲ್ಲಿ ಹೇಗಿರುತ್ತದೆಂದು ನಿನಗೆ ಗೊತ್ತೇ ಇದೆ. ಹಿಮ ಕಿಟಕಿಯ ಅಡ್ಡಪಟ್ಟಿಯವರೆಗೆ ಬಂದಿದೆ. ಫೆರ್ಮಿನ್ ಅಂಗಡಿ ಮುಂದೆ ದಾರಿ ಬಿಡಿಸುತ್ತಾನೆ, ಬಿಡಿಸಿದ ದಾರಿಯಲ್ಲಿ ಯಾರೂ ಬರುವುದಿಲ್ಲ, ಸಂಜೆಗೆ ಮತ್ತೆ ಮುಚ್ಚುತ್ತದೆ. ಜಿಸೆಲ್‌ಳ ಮೊಣಕಾಲು ಹೇಗಿದೆ? ಕ್ರಿಸ್‌ಮಸ್ಸಿಗೆ ಹಂದಿಮಾಂಸದ ಪೈ ಮಾಡಿದಳೇ, ನಿನ್ನಮ್ಮನ ಹಾಗೆ ಲವಂಗ ಹಾಕಿ?

ಕ್ರಿಸ್‌ಮಸ್ ಅಂದಾಗ ಪೆಡ್ರಾನಿಯವರ ಸಹಿಯೂಟ ನೆನಪಾಯಿತು. ನಿನಗೆ ಗೊತ್ತಿರುವುದನ್ನೇ ಹೇಳುತ್ತಿದ್ದೇನೆ, ಮುದುಕರ ಚಟ. ಧೂಳಿನ ಕೈಯಲ್ಲಿ ಕಾಗದ ಮುಟ್ಟಬಾರದೆಂಬುದು ಅಟ್ಟಿಲಿಯೊನ ಅಪ್ಪನ ಕಾಲದ ಕಟ್ಟಳೆ. ಹೀಗಾಗಿ ವರ್ಷದ ಸಹಿಯೆಲ್ಲ ಒಂದೇ ದಿನ, ಹಬ್ಬದ ಮರುದಿನ, ಷೆಡ್ಡಿಗೆ ರಜೆ ಇದ್ದಾಗ. ಎಲ್ಲರೂ ಬಿಸಿನೀರಿನಲ್ಲಿ ಕೈ ತೊಳೆದು ಉಣ್ಣುವುದು, ಮತ್ತೆ ತೊಳೆದು ಸಾಲಾಗಿ ಸಹಿ ಹಾಕುವುದು. ಬ್ಯಾಂಕಿಗೆ ಎಷ್ಟು ಬೇಕೋ, ಗಣಿ ಇಲಾಖೆಗೆ ಎಷ್ಟು ಬೇಕೋ, ಅಷ್ಟು ಖಾಲಿ ಕೊನೆಯ ಹಾಳೆಗಳಿಗೆ. ಮುಂದಿನ ಹಾಳೆಗಳು ವರ್ಷವಿಡೀ ಬೇಕಾದ ಹಾಗೆ ಬರೆದು ಸೇರಿಸಿಕೊಳ್ಳುತ್ತಿದ್ದರು. ಸಾಕ್ಷಿಯವನು ಹಾಗೆ ಸೇರಿಸಿದ ಮೇಲೆ ಬಂದು ತನ್ನ ಸಹಿ ಹಾಕುತ್ತಿದ್ದ. ಯಾರೂ ಯಾರನ್ನೂ ಅನುಮಾನಿಸಿದ್ದಿಲ್ಲ. ಸಹಿ ಮುಗಿದ ಮೇಲೆ ನೀನು ವಾಲ್‌ನಟ್ ಒಡೆದು ಅಟ್ಟಿಲಿಯೊನ ತಟ್ಟೆಗೆ ಹಾಕುತ್ತಿದ್ದೆ.

ಸಾಕ್ಷಿ ಸಹಿ ನನ್ನದೇ. ಯಾವಾಗ ಹಾಕಿದೆನೋ ನೆನಪಿಲ್ಲ. ಎಷ್ಟೋ ಹಾಕಿದ್ದೇನೆ.

ಹೊಸ ವರ್ಷದ ದಿನ ಅಟ್ಟಿಲಿಯೊ ಒಂದು ಬಾಟಲಿ ತಂದಿದ್ದ. ಕುಡಿಯಲಿಲ್ಲ, ತೆರೆಯಲೂ ಇಲ್ಲ.

“ಹುಡುಗಿ ಹಠ ಮಾಡ್ತಿದಾಳೆ,” ಅಂದ. “ಕೋರ್ಟಲ್ಲಿ ನಿನ್ನ ಕರೀತಾರೆ ಕಣೋ ಕಪ್ಪೆ. ನೀನು ಕಂಡಿದ್ದನ್ನ ಹೇಳಿದ್ರೆ ಸಾಕು. ಅವಳು ಹಾಕಿದ್ದನ್ನ ನೋಡಿದೆ, ನಾನೂ ಹಾಕಿದೆ. ಮುಗೀತು.”

“ನೆನಪಿರಬೇಕಲ್ಲ.”

“ನೆನಪು ಮಾಡ್ಕೋ,” ಅಂದ. ಹೊರಡುವಾಗ ಬಾಗಿಲಲ್ಲಿ ನಿಂತು, “ಲೂಸೀಲ್ ಕಲ್ಲಿನ ಮೇಲೆ ಹಿಮ ಎಷ್ಟು ಬಂದಿದೆ, ನೋಡ್ಕೊಂಡು ಬಂದ್ಯಾ?” ಅಂತ ಕೇಳಿದ. ನಿನ್ನಮ್ಮನ ಮೇಲೆ ಅವನಿಗೆ ಯಾವಾಗಲೂ ವಿಶ್ವಾಸ.

ಅವರು ಕೊಡುವಷ್ಟು ತೆಗೆದುಕೊಂಡು ಮುಗಿಸಿಬಿಡು ಮಗಳೇ. ನಿನಗಿನ್ನೂ ಕೈಯಿದೆ, ಕಣ್ಣಿದೆ. ಎಲ್ಲಿ ಕೂತರೂ ನಕ್ಷೆ ಬರೆಯಬಲ್ಲೆ.

ಅಪ್ಪ


ಮ್ಯಾಂಚೆಸ್ಟರ್
2 ಫೆಬ್ರವರಿ 1992

ಅಪ್ಪ,

ತಾರೀಕು ಕಾಣುವ ನಕಲು ಬಂತು. 1983, ಏಪ್ರಿಲ್ 23, ಶನಿವಾರ. ‘ಕಂಪನಿಯ ಆಫೀಸಿನಲ್ಲಿ, ಸಾಕ್ಷಿಯ ಸಮಕ್ಷಮ.’

ಅದು ಅಮ್ಮ ಹೋದ ದಿನ.

ಹ್ಯಾಚ್ ನನ್ನ ಮುಖ ನೋಡಿ ನೀರು ತರಿಸಿದರು. ನಾನು ಆ ದಿನ ಬೆಳಗಿನ ಆರರಿಂದ ಆಸ್ಪತ್ರೆ ಬಿಟ್ಟು ಕದಲಿರಲಿಲ್ಲ. ಅದನ್ನು ಹೇಳಲು ಆಸ್ಪತ್ರೆಯ ಹಾಳೆಗಳು ಸಿಗಬಹುದು, ಸಿಗದೆಯೂ ಇರಬಹುದು, ಒಂಬತ್ತು ವರ್ಷವಾಯಿತು. ಆದರೆ ನನ್ನ ಸಹಿ ಬೀಳುವುದನ್ನು ನೋಡಿಲ್ಲ ಎಂದು ಸಾಕ್ಷಿಯೇ ಹೇಳಿದರೆ ಕಾಗದ ನಿಲ್ಲುವುದಿಲ್ಲವಂತೆ. ನೋಡಿದೆನೆಂದರೆ ನಿಲ್ಲುತ್ತದೆ. ಅರ್ಮಾನ್ ಥಿಬೋ ನಮ್ಮ ಪರ ಹೇಳುತ್ತಾರೆ ಎಂದು ಪೆಡ್ರಾನಿಯವರ ವಕೀಲರು ಆಗಲೇ ಕೋರ್ಟಿಗೆ ಬರೆದುಕೊಟ್ಟಿದ್ದಾರೆ.

ನೀನು ಅಮ್ಮನ ಕೋಣೆಯಿಂದ ಎದ್ದುಹೋದದ್ದು ಎರಡು ಗಂಟೆಗೆ ಮುಂಚೆ. ನನಗೆ ಕಾಫಿ ತರುತ್ತೇನೆ ಅಂದೆ. ಬಂದದ್ದು ಆರಕ್ಕೆ. ಅಮ್ಮ ನಾಲ್ಕು ಹತ್ತಕ್ಕೆ ಹೋಗಿದ್ದಳು. ಗುಡ್ಡದ ತಿರುವಿನಲ್ಲಿ ಕಾರು ಕೆಟ್ಟಿತು, ಒಬ್ಬನೇ ರಿಪೇರಿ ಮಾಡಿಕೊಂಡು ಬಂದೆ ಅಂದೆ. ನಿನ್ನ ತೋಳಿನ ಮೇಲೆ ಸೀಮೆಸುಣ್ಣದ ಪುಡಿಯಿತ್ತು ಅಪ್ಪ. ಕಾರು ರಿಪೇರಿ ಮಾಡಿದವನ ಕೈಗೆ ಎಣ್ಣೆ ಮೆತ್ತಿರಬೇಕಿತ್ತು. ಆಗ ನಾನು ಕೇಳಲಿಲ್ಲ. ಶವದ ಮುಂದೆ ಏನು ಕೇಳುವುದು, ಆಮೇಲೆ ಕೇಳಿ ಏನು ಮಾಡುವುದು.

ಈಗಲೂ ನಾನು ಕೇಳುತ್ತಿರುವುದು ಅದನ್ನಲ್ಲ. ನನ್ನ ಇಪ್ಪತ್ತಮೂರು ವರ್ಷ ಆ ಷೆಡ್ಡಿನಲ್ಲಿದೆ. ಅದು ನಿನ್ನ ಒಂದು ಮಾತಿನ ಮೇಲೆ ನಿಂತಿದೆ. ವಿಚಾರಣೆ ಮೇ ಹನ್ನೆರಡಕ್ಕೆ.

ನೀನು ಏನು ಹೇಳುತ್ತೀಯೆಂದು ನನಗೆ ಮೊದಲೇ ತಿಳಿಸು. ಕೋರ್ಟಿನಲ್ಲಿ ಕೇಳಿ ತಿಳಿಯುವುದು ಬೇಡ.

ಒಡೆಟ್


10 ಫೆಬ್ರವರಿ 1992

ಒಡೆಟ್,

ನಿನ್ನ ಕಾಗದ ತಲುಪಿದೆ. ಎದೆಯಲ್ಲಿ ಕಫ ಕಟ್ಟಿದೆ, ಡಾಕ್ಟರು ಮಲಗಿರಲು ಹೇಳಿದ್ದಾರೆ. ಹುಷಾರಾದ ಮೇಲೆ ವಿವರವಾಗಿ ಬರೆಯುತ್ತೇನೆ. ನಿನ್ನ ಮೇಜಿನ ದೀಪ ಆರಿಸಿದರು.

ಅಪ್ಪ


ಕ್ಷೌರದಂಗಡಿಯ ಮೇಲಿನ ಕೋಣೆ
20 ಏಪ್ರಿಲ್ 1992

ಒಡೆಟ್,

ಇದರ ಜೊತೆಗಿರುವ ಇನ್ನೊಂದು ಕಾಗದ ಪ್ರಮಾಣಪತ್ರ. ಲೈಬ್ರರಿಯಲ್ಲಿ ಕೂರುವ ನೋಟರಿಯ ಮುಂದೆ ಕೈಯೆತ್ತಿ ಸಹಿ ಹಾಕಿದ್ದೇನೆ. ಹ್ಯಾಚ್ ಅವರಿಗೆ ಕೊಡು. ನನ್ನ ಮಗಳು ಸಹಿ ಹಾಕುವುದನ್ನು ನಾನು ನೋಡಿಲ್ಲ, ಆಗ ಅವಳು ಆ ಕೋಣೆಯಲ್ಲಿ ಇರಲಿಲ್ಲ, ಅವಳ ಸಹಿಯ ಹಾಳೆ ಹಿಂದಿನ ಕ್ರಿಸ್‌ಮಸ್ಸಿನದು. ಒಟ್ಟು ಒಂಬತ್ತು ಸಾಲು. ಕೋರ್ಟಿಗೆ ಅಷ್ಟು ಸಾಕಂತೆ. ನಿನಗೆ ಸಾಲದು.

ಕಾರು ಕೆಟ್ಟಿರಲಿಲ್ಲ.

ಒಂದೂ ಮುಕ್ಕಾಲಿಗೆ ನರ್ಸ್ ಬಂದು ಫೋನಿದೆ ಅಂದಳು. ಅಟ್ಟಿಲಿಯೊ. “ಹತ್ತು ನಿಮಿಷ ಬಂದು ಹೋಗೋ. ಸೋಮವಾರ ಬ್ಯಾಂಕಿಗೆ ಕೊಡ್ಬೇಕು. ಕಾಲೇಜು ಮೆಟ್ಟಿಲು ಹತ್ತಿದೋನು ನೀನೊಬ್ನೇ.” ನಿನ್ನಮ್ಮನ ಉಸಿರು ಹೇಗೆ ಬರುತ್ತಿತ್ತೆಂದು ನಿನಗೆ ನೆನಪಿರಬೇಕು. ಮರಕ್ಕೆ ಗರಗಸ ಸಿಕ್ಕಿಕೊಂಡ ಹಾಗೆ. ಮೂರು ದಿನ ಕೇಳಿದ್ದೆ. ಇನ್ನೊಂದು ಉಸಿರು ಬರುತ್ತದೋ ಇಲ್ಲವೋ ಎಂದು ಪ್ರತಿಸಲ ಕಾಯುವುದು ನನ್ನಿಂದ ಆಗುತ್ತಿರಲಿಲ್ಲ. ಫೋನ್ ಬಂದಾಗ ನನಗೆ ಸಂತೋಷವಾಯಿತು ಒಡೆಟ್. ತಡವಾದದ್ದು ಕೆಮ್ಮಿನಿಂದಲ್ಲ, ಈ ಒಂದು ವಾಕ್ಯ ಬರೆಯಲು ನನಗೆ ಹತ್ತು ವಾರ ಹಿಡಿಯಿತು.

ಆಫೀಸಿನಲ್ಲಿ ಮೂರು ಹಾಳೆ ಇಟ್ಟಿದ್ದ. “ಓದು ಕಪ್ಪೆ, ಓದಿ ಅರ್ಥ ಹೇಳು,” ಅಂದ. ಮಿಸ್ ವಾರ್ಡ್‌ವೆಲ್ ಅವರ ತರಗತಿಯಲ್ಲಿ ಓದುತ್ತಿದ್ದ ಹಾಗೆ ಎದ್ದು ನಿಂತು ಓದಿದೆ. ಅರ್ಧ ತಿಳಿಯಲಿಲ್ಲ. ತಿಳಿಯದ ಕಡೆಯೆಲ್ಲ ತಲೆ ಆಡಿಸಿದೆ. ಇಡೀ ಷೆಡ್ಡಿನಲ್ಲಿ ನನ್ನನ್ನು ಓದಿದವನೆಂದು ತಿಳಿದಿದ್ದವನು ಅವನೊಬ್ಬ. ಅವನ ಮುಂದೆ ತಿಳಿಯಲಿಲ್ಲ ಎನ್ನಲು ಬಾಯಿ ಬರಲಿಲ್ಲ. ಆದರೆ ‘ಬೇರೆಯಾದಲ್ಲಿ’ ಎಂಬ ಮಾತು ಬಂತು. ಅದು ತಿಳಿಯಿತು. ಓದು ನಿಲ್ಲಿಸಿದೆ.

“ಇದೇನಿದು, ಬೇರೆ ಆಗೋದು?”

“ಬ್ಯಾಂಕಿನೋರು ಬರೆಸ್ತಾರೆ. ನಮ್ಮನೇಲಿ ಯಾರಯ್ಯಾ ಬೇರೆ ಆಗ್ತಾರೆ?”

“ಒಡೆಟ್‌ಗೆ ಗೊತ್ತಾ?”

“ಅವಳೇ ಸಹಿ ಹಾಕಿದಾಳಲ್ಲ, ಕಾಣ್ತಿಲ್ವಾ?”

ಕಾಣುತ್ತಿತ್ತು. ಎಂದು ಹಾಕಿದ್ದೆಂದೂ ನನಗೆ ಗೊತ್ತಿತ್ತು. ವಾಲ್‌ನಟ್ ಒಡೆದ ದಿನ. ಕೈ ತೊಳೆದು ಬಂದು ನಾನೂ ಹಾಕಿದೆ.

ಆಗ ಗೋಡೆ ಗಡಿಯಾರದಲ್ಲಿ ಎರಡೂ ಕಾಲು. ಆಸ್ಪತ್ರೆ ಹತ್ತು ನಿಮಿಷದ ದಾರಿ. ಇಲ್ಲಿಂದ ಮುಂದೆ ಅಟ್ಟಿಲಿಯೊನ ತಪ್ಪೇನೂ ಇಲ್ಲ, ಬರೀ ನನ್ನದು. “ಬಾ, ಒಂದು ತೋರಿಸ್ತೀನಿ,” ಅಂತ ಹಿತ್ತಲಿಗೆ ಕರೆದುಕೊಂಡು ಹೋದ. ಮೇಲಿನ ಗಣಿಯಿಂದ ಆ ವಾರ ಬಂದ ಕಲ್ಲು, ನೀಲಿ ಕಲೆತ ಬೂದು, ಒಂದು ಗೆರೆಯಿಲ್ಲ. “ಲೂಸೀಲ್‌ಗೆ. ದುಡ್ಡಿನ ಮಾತು ಎತ್ತಿದ್ರೆ ಒದೀತೀನಿ.” ಅವಳಿನ್ನೂ ಉಸಿರಾಡುತ್ತಿದ್ದಳು. ನಾನು ಬಕೆಟ್ಟಿನಲ್ಲಿ ನೀರು ತಂದು ಕಲ್ಲಿನ ಮೇಲೆ ಸುರಿದು ಕಣ ನೋಡಿದೆ. ಮೂರು ಸುತ್ತು ಹಾಕಿದೆ. ಎತ್ತರ ಎಷ್ಟಿರಬೇಕು, ಅಕ್ಷರ ಉಬ್ಬಿರಬೇಕೋ ತಗ್ಗಿರಬೇಕೋ ಅಂತ ಮಾತಾಡಿದೆವು. ಮಂಡಿಯೂರಿ ಸೀಮೆಸುಣ್ಣದಲ್ಲಿ ಅವಳ ಹೆಸರು ಬರೆದು ನೋಡಿದೆ, ಪಕ್ಕದಲ್ಲಿ ನನ್ನದೂ. ಅಳಿಸಿದೆ, ಮತ್ತೆ ಬರೆದೆ. ಕಲ್ಲಿನ ಮುಂದೆ ನನಗೆ ಭಯವಾಗುವುದಿಲ್ಲ. ತಲೆ ಎತ್ತಿದಾಗ ಬೇಲಿಯ ನೆರಳು ರಸ್ತೆ ದಾಟಿತ್ತು.

ಆ ಕಲ್ಲನ್ನು ಸಹಿಗೆ ಕೊಟ್ಟನೋ, ಸ್ನೇಹಕ್ಕೆ ಕೊಟ್ಟನೋ, ಬಹುಶಃ ಅವನಿಗೂ ಗೊತ್ತಿಲ್ಲ. ಇವತ್ತು ಪ್ರಮಾಣಪತ್ರ ಬರೆದ ಸುದ್ದಿಯನ್ನು ನಾನೇ ಹೋಗಿ ಅವನಿಗೆ ಹೇಳಿದೆ. “ಆಯ್ತು, ಮಿಸ್ಟರ್ ಥಿಬೋ,” ಅಂದ.

ನಿನ್ನಮ್ಮ ಹೋದ ಸಂಜೆ ನಾನು ನಿನ್ನನ್ನು ಕೇಳಿದ್ದೆ, ನಾನೆಲ್ಲಿ ಎಂದು ಅವಳು ಕೇಳಿದಳೇ ಎಂದು. ಇಲ್ಲ, ನಿದ್ದೆಯಲ್ಲೇ ಇದ್ದಳು ಅಂದೆ ನೀನು. ಒಂಬತ್ತು ವರ್ಷ ನಾನು ಆ ಮಾತನ್ನು ಹಿಡಿದುಕೊಂಡು ಬದುಕಿದ್ದೇನೆ.

ಉತ್ತರ ಬರೆಯಲೇಬೇಕೆಂದಿಲ್ಲ.

ಅರ್ಮಾನ್


ನದಿಯಾಚೆ, ಮಿಸೆಸ್ ಲಿಂಡ್ ಅವರ ಹಿಂಬದಿಯ ಕೋಣೆ
27 ಸೆಪ್ಟೆಂಬರ್ 1992

ಪ್ರೀತಿಯ ಒಡೆಟ್,

ವಿಳಾಸ ಬದಲಾಗಿದೆ, ಬರೆದಿಟ್ಟುಕೋ. ಕ್ಷೌರದಂಗಡಿಯ ಕಟ್ಟಡ ಪೆಡ್ರಾನಿಯವರದೆಂದು ನಿನಗೆ ನೆನಪಿರಬಹುದು. ಯಾರೂ ಹೋಗೆನ್ನಲಿಲ್ಲ. ದಿನಾ ಎದುರುಬದುರು ಆಗಿ ಅಟ್ಟಿಲಿಯೊ ಮುಖ ತಿರುಗಿಸುವುದನ್ನು ನೋಡಲಾರದೆ ನಾನೇ ಬಂದೆ. ಮಿಸೆಸ್ ಲಿಂಡ್ ಮಡಿವಂತೆ, ನನ್ನ ಬೂಟನ್ನು ಹೊರಗೆ ಬಿಡಿಸುತ್ತಾಳೆ. ಫೆರ್ಮಿನ್ ಭಾನುವಾರ ಸೇತುವೆ ದಾಟಿ ಬಂದು ಕ್ಷೌರ ಮಾಡಿ ಹೋಗುತ್ತಾನೆ. “ಇರೋ ನಾಲ್ಕು ಕೂದಲಿಗೆ ಒಂದು ಮೈಲಿ ನಡೆಸ್ತೀಯಲ್ಲೋ,” ಅನ್ನುತ್ತಾನೆ.

ಮೇ ತಿಂಗಳಲ್ಲಿ ಕೋರ್ಟಿನಲ್ಲಿ ನಾನು ಹೇಳಿ ಮುಗಿಸಿದಾಗ ನೀನು ನನ್ನ ಕಡೆ ನೋಡುತ್ತೀಯೇನೋ ಎಂದುಕೊಂಡೆ. ನೋಡದಿದ್ದದ್ದೇ ಸರಿ.

ಒಂದು ವಿಷಯ ಬೇರೆಯವರಿಂದ ನಿನಗೆ ತಿಳಿಯುವುದು ಬೇಡ. ಸ್ಮಶಾನದಲ್ಲಿ ಪೆಡ್ರಾನಿಯವರ ಮನೆತನದ ಕಲ್ಲಿನಿಂದ ನಿನ್ನ ಹೆಸರು ತೆಗೆದಿದ್ದಾರೆ. ಮದುವೆಯಾದ ಮರುವರ್ಷ, ಬದುಕಿರುವಾಗಲೇ ಹೆಸರು ಕೊರೆಸುವ ಆ ಮನೆಯ ಪದ್ಧತಿಯಂತೆ ರೆನಾಟೊನ ಹೆಸರಿನ ಕೆಳಗೆ ಸೇರಿಸಿದ್ದು. ನಕ್ಷೆ ನಿನ್ನದು, ಉಳಿ ನನ್ನದು. ಸರಿಯಾಗಿ ತೆಗೆಯಬೇಕಾದರೆ ಕಲ್ಲಿನ ಇಡೀ ಮುಖವನ್ನು ಅರ್ಧ ಇಂಚು ಇಳಿಸಿ ಎಲ್ಲರ ಹೆಸರನ್ನೂ ಮತ್ತೆ ಕೊರೆಯಬೇಕು. ಅಟ್ಟಿಲಿಯೊನ ಹೆಂಡತಿಯದನ್ನೂ. ಅಷ್ಟಕ್ಕೆ ಮನಸ್ಸು ಬರಲಿಲ್ಲವೇನೋ, ನಿಂತಲ್ಲೇ ಯಂತ್ರ ಹಿಡಿದು ಅಲ್ಲಷ್ಟೇ ಉಜ್ಜಿದ್ದಾರೆ. ದೂರಕ್ಕೆ ಏನೂ ಕಾಣುವುದಿಲ್ಲ. ಹತ್ತಿರ ಹೋಗಿ ಕೈಯಾಡಿಸಿದರೆ ಅಂಗೈಯಗಲ ತಗ್ಗು. ಮಳೆ ಬಂದಾಗ ಉಳಿದ ಹೆಸರೆಲ್ಲ ಒಣಗಿದ ಮೇಲೂ ಅದೊಂದು ಒದ್ದೆಯಿರುತ್ತದೆ.

ನಾನು ಅಲ್ಲಿಗೆ ಯಾಕೆ ಹೋಗಿದ್ದೆನೆಂದು ಕೇಳಬೇಡ. ನಿನ್ನಮ್ಮನದು ನಾಲ್ಕು ಸಾಲು ಆಚೆ.

ಅಪ್ಪ


ಮ್ಯಾಂಚೆಸ್ಟರ್
17 ಜನವರಿ 1993

ಅಪ್ಪ,

ನವೆಂಬರಿನಲ್ಲಿ ಮುಗಿಯಿತು. ನಿನ್ನ ಸಾಕ್ಷಿಯ ನಂತರ ಆ ಕಾಗದವನ್ನು ನ್ಯಾಯಾಧೀಶರು ಬದಿಗಿಟ್ಟಿದ್ದರು. ಉಳಿದದ್ದು ಕೋರ್ಟಿನ ಹೊರಗೆ, ನಡುಮನೆಯಷ್ಟು ಜಾಗದಲ್ಲಿ ನಿಂತುಕೊಂಡೇ ತೀರ್ಮಾನವಾಯಿತು. ಹೊರಗಿನವರು ಕಟ್ಟಿದ ಬೆಲೆಯನ್ನೇ ಕೊಡುತ್ತಾರೆ, ಎಂಟು ವರ್ಷದ ಕಂತಿನಲ್ಲಿ. ಕೊನೆಯ ಕಂತು ಬರುವವರೆಗೆ ಷೇರು ನನ್ನ ಹೆಸರಿನಲ್ಲೇ ಇರುತ್ತದೆ. ನನ್ನ ನಕ್ಷೆಗಳನ್ನು ಮೂರು ಪೆಟ್ಟಿಗೆಯಲ್ಲಿ ಕಳಿಸಿದ್ದಾರೆ. ಮೇಲಿನ ಪೆಟ್ಟಿಗೆಯಲ್ಲಿ ಯಾರೋ ದೀಪವನ್ನೂ ಇಟ್ಟಿದ್ದರು. ರೆನಾಟೊ ಇರಬೇಕು. ರುಜು ಹಾಕುವಾಗ ಅವನು ಪೆನ್ನು ಹಿಡಿಯುವ ಮುಂಚೆ ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡ.

ನೀನು ಹೇಳದಿದ್ದರೆ ಇದ್ಯಾವುದೂ ಆಗುತ್ತಿರಲಿಲ್ಲ. ಅದು ನನಗೆ ಗೊತ್ತು.

ನಿನ್ನ ಏಪ್ರಿಲಿನ ಕಾಗದವನ್ನು ನಾನು ಒಂದೇ ಸಲ ಓದಿದ್ದೇನೆ. ಒಂಬತ್ತು ತಿಂಗಳು ಕೋಪ ಇಳಿಯಲೆಂದು ಕಾದೆ. ಪೂರ್ತಿ ಇಳಿದಿಲ್ಲ. ಆದರೆ ನೀನು ಪ್ರಮಾಣ ಮಾಡಿ ನಿಜ ಹೇಳಿದೆ, ನಾನು ಹೇಳಿದ ಸುಳ್ಳು ಮಾತ್ರ ಹಾಗೆಯೇ ಉಳಿದಿದೆ.

ಅಮ್ಮ ನಿದ್ದೆಯಲ್ಲಿರಲಿಲ್ಲ. ನೀನು ಹೋಗಿ ಸ್ವಲ್ಪ ಹೊತ್ತಿಗೆ ಕಣ್ಣು ಬಿಟ್ಟು, “ಅರ್ಮಾನ್ ಎಲ್ಲಿ?” ಅಂದಳು. ಕಾಫಿ ತರಲು ಹೋಗಿದ್ದಾರೆ ಅಂದೆ. ಮೂರು ಗಂಟೆಗೆ ಮತ್ತೆ ಕೇಳಿದಳು. ಕಿಟಕಿಯಲ್ಲಿ ನಮ್ಮ ಕಾರು ಕಾಣುತ್ತದಾ ನೋಡು ಅಂದಳು. ನೋಡಿದೆ. ಇರಲಿಲ್ಲ. ಇದೆ ಅಂದೆ. ಮೂರನೇ ಸಲ ಕೇಳಿದಾಗ ನಾಲ್ಕಾಗಿತ್ತು. ಏನು ಹೇಳಲೂ ತೋಚದೆ, “ಬಂದ್ರಮ್ಮ, ಮೆಟ್ಟಿಲು ಹತ್ತುತಿದಾರೆ,” ಅಂದುಬಿಟ್ಟೆ.

“ಹಂಗಾದ್ರೆ ತಲೆ ಬಾಚು,” ಅಂದಳು.

ಅರ್ಧ ಬಾಚಿದ್ದೆ.

ಇದನ್ನು ನಿನ್ನ ಮೇಲೆ ಹೇರಲು ಬರೆಯುತ್ತಿಲ್ಲ. ಒಬ್ಬಳೇ ಹೊತ್ತು ಸಾಕಾಗಿದೆ.

ಒಡೆಟ್


ಮಿಸೆಸ್ ಲಿಂಡ್ ಅವರ ಹಿಂಬದಿಯ ಕೋಣೆ
11 ಏಪ್ರಿಲ್ 1993

ಒಡೆಟ್,

ಒಂದೇ ವಿಷಯ.

ಇಪ್ಪತ್ತಮೂರನೇ ತಾರೀಕು ಶುಕ್ರವಾರ. ಒಂದೂ ಮುಕ್ಕಾಲಿಗೆ ನಾನು ನಿನ್ನಮ್ಮನ ಹತ್ತಿರ ಇರುತ್ತೇನೆ. ಕಲ್ಲಿನ ನೆರಳಿನ ಕಡೆ ಹಿಮ ಇನ್ನೂ ಇರಬಹುದು, ಬೂಟು ಹಾಕಿಕೊಂಡು ಬಾ. ನಿನಗೆ ಬರಲಾಗದಿದ್ದರೂ ಸರಿಯೇ. ಮಡಿಸುವ ಕುರ್ಚಿ ನನ್ನಲ್ಲಿ ಒಂದಿದೆ, ಇನ್ನೊಂದನ್ನು ಫೆರ್ಮಿನ್ ಕೊಡುತ್ತಾನೆ. ಎರಡನ್ನೂ ತಂದು ಹಾಕಿರುತ್ತೇನೆ.

ನಾಲ್ಕು ಹತ್ತು ಆಗುವವರೆಗೆ ಕೂತಿರುತ್ತೇನೆ. ಯಾರು ಕರೆದರೂ ಏಳುವುದಿಲ್ಲ.

ಅಪ್ಪ